ಬೇಕರಿ ಗೋಡೆಯ ಬಿಸಿ

ಭೈರಮ್ಮನಿಗೆ ಆ ಗೋಡೆಯನ್ನು ತೋರಿಸಿಕೊಟ್ಟದ್ದು ಒಂದು ಬೆಕ್ಕು. ಬಾಳಗಡಿಯ ಸಣ್ಣ ಗಾರ್ಮೆಂಟ್ಸಿನ ಹಿಂದಿನ ಕೋಣೆಯಲ್ಲಿ, ಆಷಾಢದ ಥಂಡಿಗೆ ಕಬ್ಬಿಣದ ಮೇಜು ಕೂಡ ಬೆವರುತ್ತಿದ್ದ ದಿನಗಳಲ್ಲಿ, ಆ ಬೆಕ್ಕು ಮಧ್ಯಾಹ್ನವಾದರೆ ಸಾಕು, ಪಶ್ಚಿಮದ ಗೋಡೆಗೆ ಬೆನ್ನೊತ್ತಿ ಮಲಗುತ್ತಿತ್ತು. ಉಳಿದ ಮೂರು ಗೋಡೆಗಳನ್ನು ತಿರುಗಿಯೂ ನೋಡುತ್ತಿರಲಿಲ್ಲ. ಬೇರೆ ಹೆಂಗಸರು ಬಟ್ಟೆಗೆ ಕೂದಲು ಅಂಟುತ್ತದೆಂದು ಅದನ್ನು ಓಡಿಸುತ್ತಿದ್ದರು. ಭೈರಮ್ಮ ಮಾತ್ರ ಅದು ಎದ್ದು ಹೋದ ಮೇಲೆ ಗೋಡೆಗೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು. ಬೆಕ್ಕಿನ ಮೈಬಿಸಿಯೇ ಇರಬಹುದೆಂದು ತನ್ನ ಭುಜದ ಎತ್ತರದಲ್ಲೂ ಮುಟ್ಟಿದಳು. ಅಲ್ಲಿ ಇನ್ನೂ ಬೆಚ್ಚಗಿತ್ತು.

ಗೋಡೆಯ ಆಚೆ ತ್ರ್ಯಂಬಕನ ಬೇಕರಿ. ಅವನ ಸೌದೆ ಒಲೆ ಇದೇ ಗೋಡೆಗೆ ಅಂಟಿಕೊಂಡಿತ್ತು.

ಭೈರಮ್ಮನ ತವರು ನೆಮ್ಮಾರ್. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಚಿಕ್ಕಂದಿನಲ್ಲಿ ತಾಯಿಯ ಹೊಸ ರವಿಕೆಯ ತೋಳು ಬಿಚ್ಚಿ, ಚಪ್ಪಟೆ ಬಟ್ಟೆ ಭುಜದ ಹತ್ತಿರ ಹೇಗೆ ಗುಂಡಗಾಗುತ್ತದೆ ಎಂದು ನೋಡಿದ್ದಳು. ಅದಕ್ಕೆ ಏಟು ತಿಂದಳು. ಆಮೇಲೆ ಆ ತೋಳನ್ನು ಮೊದಲಿನಂತೆಯೇ ಹೊಲಿದು ಕೊಟ್ಟವಳೂ ಅವಳೇ. ಮದುವೆಯಾಗಿ ಕೊಪ್ಪದ ಕಡೆ ಬಂದ ಮೇಲೆ ಹದಿನೈದು ವರ್ಷ ಮನೆಯಲ್ಲಿ ಕುಳಿತು ಊರವರ ರವಿಕೆ ಹೊಲಿದಳು. ಬಾಳಗಡಿಯಲ್ಲಿ ಗಾರ್ಮೆಂಟ್ಸ್ ತೆರೆದಾಗ ಮೊದಲ ದಿನವೇ ಹೋಗಿ ಸೇರಿದಳು. ಈಗ ಅವಳಿಗೆ ನಲವತ್ತೆರಡು. ಅಲ್ಲಿ ಇಪ್ಪತ್ತೆರಡು ಹೆಂಗಸರು ಎಳೆ ಮಕ್ಕಳ ಜುಬ್ಬ ಹೊಲಿಯುತ್ತಾರೆ. ಹೊಲಿದದ್ದನ್ನು ಒಮ್ಮೆ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಬೆಂಗಳೂರಿನ ಒಂದು ಕಂಪನಿಗೆ ಕಳಿಸಬೇಕು.

ಹೊಲಿಯುವವರೆಲ್ಲ ಹೆಂಗಸರಾದರೂ ಸೂಪರ್‌ವೈಸರ್ ಮಾತ್ರ ಯಾವಾಗಲೂ ಹೊರಗಿನಿಂದ ಬಂದ ಗಂಡಸು. ಕೊನೆಯವನು ಮೇ ತಿಂಗಳಲ್ಲಿ ಇಲ್ಲಿಯ ಊಟ ಒಗ್ಗುವುದಿಲ್ಲವೆಂದು ಬಿಟ್ಟುಹೋದ. ಅದೇ ಹೊತ್ತಿಗೆ ಕಂಪನಿಯವರು ಹನ್ನೆರಡು ದಿನದ ತರಬೇತಿ ನಡೆಸಿದರು. ಹಸಿರು ಕೌಶಲ ಎಂದು ಅದರ ಹೆಸರು. ಬಟ್ಟೆ ಹಾಳಾಗದಂತೆ ಕತ್ತರಿಸುವುದು, ಒಗೆದ ನೀರನ್ನು ಮತ್ತೆ ಬಳಸುವುದು, ಕರೆಂಟು ಎಲ್ಲಿ ವ್ಯರ್ಥವಾಗುತ್ತದೆಂದು ಹುಡುಕುವುದು. ಜೊತೆಗೆ, ಹೆಂಗಸರೇ ಮುಂದೆ ನಿಂತು ಕೆಲಸ ನಡೆಸುವುದು ಹೇಗೆ ಎಂಬ ಪಾಠ. ತರಬೇತಿ ಮುಗಿದ ದಿನ ಮ್ಯಾನೇಜರ್ ಕಾಂತೇಶ್ ಭೈರಮ್ಮನನ್ನು ಒಳಗೆ ಕರೆದ. ಅವನು ನರಸಿಂಹರಾಜಪುರದವನು, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು. ಗೌರಿ ಹಬ್ಬದ ತನಕ ನೀವೇ ನೋಡಿಕೊಳ್ಳಿ, ಸರಿಯಾಗಿ ನಡೆದರೆ ಸೂಪರ್‌ವೈಸರ್ ಕೆಲಸ ನಿಮಗೇ, ಇಲ್ಲವಾದರೆ ಶಿವಮೊಗ್ಗದಿಂದ ಒಬ್ಬರನ್ನು ಕರೆಸುತ್ತೇನೆ ಎಂದ.

ಭೈರಮ್ಮನಿಗೆ ಆ ಕೆಲಸ ಬೇಕಾಗಿತ್ತು. ಬೇಕು ಎಂದು ಯಾರ ಹತ್ತಿರವೂ ಹೇಳಲಿಲ್ಲ, ಗಂಡ ಮಂಜಪ್ಪನ ಹತ್ತಿರ ಕೂಡ. ತರಬೇತಿಯಲ್ಲಿ ಕೊಟ್ಟ ಪುಸ್ತಕವನ್ನು ಮಾತ್ರ ಬಸ್ಸಿನಲ್ಲಿ ಎರಡು ಸಲ ಓದಿ ಮುಗಿಸಿದಳು.

ಕರೆಂಟು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಅವಳನ್ನು ಹಿಡಿದುಕೊಂಡಿತು. ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಊಟದ ಹೊತ್ತಿನಲ್ಲಿ ಅವಳು ಒಂದೊಂದೇ ಸ್ವಿಚ್ ಹಾಕಿಸಿ, ಆರಿಸಿ, ನಿಮಿಷಕ್ಕೆ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸಿದಳು. ಹೊಲಿಗೆ ಮಿಷನ್ನುಗಳೆಲ್ಲ ಒಟ್ಟಿಗೆ ಓಡಿದರೂ ಎಣಿಸಬಹುದಾಗಿತ್ತು. ಹಿಂದಿನ ಕೋಣೆಯಲ್ಲಿ ಬಟ್ಟೆ ಒಣಗಿಸುವ ಎರಡು ಹೀಟರ್ ಹಾಕಿದರೆ ಕಣ್ಣು ಸೋಲುತ್ತಿತ್ತು. ಅವಳು ಮೀಟರಿನ ಮುಂದೆ ನಿಂತೇ ಇರುವುದನ್ನು ಕಂಡು, ಕಾಜಾ ಹಾಕುವ ಬಸವಮ್ಮ ಬುತ್ತಿ ಹಿಡಿದು ಹತ್ತಿರ ಬಂದಳು.

"ಎಂತ ಮಾರಾಯ್ತಿ, ಮೀಟರಿನ ನಾಡಿ ನೋಡ್ತಿದೀಯ? ಜ್ವರ ಗಿರ ಇದ್ಯಾ?"

"ಇದೆ ಬಸವಕ್ಕ. ಹೀಟರ್ ಹಾಕಿದ ಕೂಡ್ಲೇ ಏರ್ತದೆ."

ಮರುದಿನವೇ ಬೆಚ್ಚಗಿನ ಗೋಡೆಯ ಪಕ್ಕದಲ್ಲಿ, ಒಂದು ಗೇಣು ಬಿಟ್ಟು, ಬಿದಿರಿನ ಗಳುಗಳನ್ನು ಸಾಲಾಗಿ ಕಟ್ಟಿಸಿದಳು. ಹೀಟರಿಗಿಂತ ಒಂದು ಗಂಟೆ ಹೆಚ್ಚು ಹಿಡಿಯಿತು, ಆದರೆ ಜುಬ್ಬ ಒಣಗಿತು. ಮೂರು ವಾರದಲ್ಲಿ ಎರಡು ಹೀಟರಿಗೂ ಕೆಲಸವಿಲ್ಲದಂತಾಯಿತು. ಕಾಂತೇಶ್ ಮೀಟರ್ ನೋಡಿ ಬಂದು, ಬೆಂಗಳೂರಿಗೆ ಫೋನು ಮಾಡಿ ಭೈರಮ್ಮನ ಹೆಸರು ಹೇಳಿದ. ಗೋಡೆಯ ಬಿಸಿಗೆ ಒಣಗಿದ ಆರುನೂರು ಜುಬ್ಬ ಲಾರಿ ಹತ್ತಿ ಹೋದವು.

ಐದನೇ ದಿನ ಆರುನೂರೂ ವಾಪಸ್ಸು ಬಂದವು. ಅಲ್ಲಿ ಮಾಲು ಪರೀಕ್ಷೆ ಮಾಡುವ ರಶ್ಮಿ ಎಂಬ ಹೆಂಗಸು ಫೋನಿನಲ್ಲಿ ವಿವರ ಹೇಳಿದ್ದಳು. ಹೊಲಿಗೆ ಚೆನ್ನಾಗಿದೆ, ಅಳತೆ ಸರಿಯಾಗಿದೆ, ಆದರೆ ಪೆಟ್ಟಿಗೆ ತೆರೆದರೆ ಹೊಗೆ ವಾಸನೆ; ಎಳೆ ಮಗುವಿನ ಮೈಗೆ ಇದನ್ನು ಹಾಕುವುದು ಹೇಗೆ ಎಂದು.

ಇಪ್ಪತ್ತೆರಡು ಹೆಂಗಸರೂ ಒಂದೊಂದು ಜುಬ್ಬ ಎತ್ತಿ ಮೂಸಿದರು. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ ಎಂದರು. ಕಾಂತೇಶನೂ ಮೂಸಿ ನೋಡಿ, ಲಾರಿಯವನು ಏನೋ ಹೇರಿರಬೇಕು, ಅವನ ಮೇಲೆ ಬರೆದು ಕಳಿಸುತ್ತೇನೆ ಎಂದ. ಎಲ್ಲರಿಗೂ ಉಸಿರು ಬಂದಂತಾಯಿತು. ಭೈರಮ್ಮನಿಗೂ ಆಗಬೇಕಾಗಿತ್ತು. ತಪ್ಪು ಲಾರಿಯದಾದರೆ ಅವಳ ಕೆಲಸಕ್ಕೆ ಕುಂದಿಲ್ಲ. ಆದರೆ ಬೆಂಗಳೂರಿನ ಮೂಗಿಗೆ ತಿಳಿದದ್ದು ಇಲ್ಲಿಯ ಒಂದು ಮೂಗಿಗೂ ಏಕೆ ತಿಳಿಯಲಿಲ್ಲ? ಇಡೀ ದಿನ ಮಿಷನ್ ತುಳಿಯುತ್ತ ಅದನ್ನೇ ಯೋಚಿಸಿದಳು.

ಮನೆಗೆ ಹೋಗಿ ಬಚ್ಚಲೊಲೆಯ ಮೇಲಿನ ಗಳುವಿನಿಂದ ಸೀರೆ ತೆಗೆಯುವಾಗ ಕೈ ನಿಂತಿತು. ಮಳೆಗಾಲದಲ್ಲಿ ಈ ಕಡೆಯ ಮನೆಗಳಲ್ಲಿ ಬಟ್ಟೆ ಒಣಗುವುದೇ ಹಾಗೆ. ಉಟ್ಟ ಸೀರೆ, ಹೊದೆಯುವ ಕಂಬಳಿ, ಒರೆಸುವ ಟವೆಲು, ತಲೆಗೂದಲು, ಎಲ್ಲಕ್ಕೂ ನಾಲ್ಕು ತಿಂಗಳು ಒಂದೇ ಹೊಗೆ. ಹಾಗಿರುವಾಗ ಮೂಗಿಗೆ ಅದು ವಾಸನೆ ಎಂದು ಹೇಗೆ ಗೊತ್ತಾಗಬೇಕು?

ಬೆಳಿಗ್ಗೆ ಅವಳು ಮೂರು ಜುಬ್ಬ ತೆಗೆದಿಟ್ಟಳು. ಒಂದು ಗೋಡೆಯ ಬಿಸಿಗೆ ಒಣಗಿದ್ದು, ಒಂದು ಹೀಟರಿಗೆ ಒಣಗಿದ್ದು, ಒಂದು ಇನ್ನೂ ಒಗೆಯದೆ ಇದ್ದದ್ದು. ಒಬ್ಬೊಬ್ಬರನ್ನೇ ಕರೆದು, ಕಣ್ಣು ಮುಚ್ಚಿಸಿ, ಬೇರೆಯಾದದ್ದು ಯಾವುದೆಂದು ಕೇಳಿದಳು. ಬಸವಮ್ಮ ಮೂರರ ಮೇಲೂ ಸೀನಿದಳು. ಇನ್ನು ಕೆಲವರು ಬಾಯಿಗೆ ಬಂದದ್ದು ಹೇಳಿ ನಕ್ಕರು. ಗುಂಡಿ ಹಚ್ಚುವ ಕೃತಿಕಾ ಮಾತ್ರ ಗೋಡೆಯ ಬಿಸಿಗೆ ಒಣಗಿದ್ದನ್ನು ತಳ್ಳಿದಳು. ಜಾಗ ಬದಲಿಸಿ ಇಟ್ಟರೂ ಅದನ್ನೇ ತಳ್ಳಿದಳು. ಐದು ಸಲವೂ ಅದನ್ನೇ.

ಕೃತಿಕಾ ಕಡೂರಿನ ಹುಡುಗಿ. ಮದುವೆಯಾಗಿ ಕೊಪ್ಪಕ್ಕೆ ಬಂದು ಎರಡು ತಿಂಗಳು ಆಗಿರಲಿಲ್ಲ; ಇಲ್ಲಿಯೂ ತನ್ನ ಬಟ್ಟೆಯನ್ನು ಒಲೆಯ ಮೇಲೆ ಹಾಕದೆ ಫ್ಯಾನಿನಡಿ ಒಣಗಿಸುತ್ತಿದ್ದಳು. ಎಲ್ಲರಿಗಿಂತ ಹಿಂದೆ, ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಭೈರಮ್ಮ ಅವಳನ್ನು ಜಗಲಿಗೆ ಕರೆದುಕೊಂಡು ಹೋಗಿ, ಇದು ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದಳು.

"ಮೊದಲ್ನೇ ದಿನದಿಂದ್ಲೂ ಅಕ್ಕ."

"ಮತ್ತೆ ಹೇಳ್ಲಿಲ್ಲ ಯಾಕೆ?"

ಕೃತಿಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಎಲ್ರ ಮೈ ಮೇಲಿನ ಬಟ್ಟೆನೂ ಹಂಗೇ ವಾಸ್ನೆ ಬರ್ತಿತ್ತು. ಜುಬ್ಬ ಹೊಗೆ ವಾಸ್ನೆ ಅಂದ್ರೆ ನಿಮ್ಮನ್ನೆಲ್ಲ ಬೈದಂಗೆ ಆಗ್ತಿತ್ತು. ಹೊಸದಾಗಿ ಬಂದೋಳು, ಹೆಂಗೆ ಹೇಳ್ಲಿ?"

ಭೈರಮ್ಮನಿಗೆ ಸಿಟ್ಟು ಬರಲಿಲ್ಲ. ತರಬೇತಿಯ ಪುಸ್ತಕದಲ್ಲಿ ಮುಂದೆ ನಿಲ್ಲುವವರು ಹೇಗೆ ಮಾತಾಡಬೇಕೆಂದು ನಾಲ್ಕು ಪುಟ ಇತ್ತು. ಹಿಂದೆ ಕೂತವರು ಏಕೆ ಮಾತಾಡುವುದಿಲ್ಲ ಎಂದು ಎಲ್ಲಿಯೂ ಇದ್ದಂತೆ ನೆನಪಾಗಲಿಲ್ಲ.

ಅಲ್ಲಿಂದ ನೇರವಾಗಿ ಕಾಂತೇಶನ ಕೋಣೆಗೆ ಹೋದಳು. ಅವನು ಲಾರಿಯವನ ಮೇಲಿನ ಪತ್ರವನ್ನು ಟೈಪು ಮಾಡುತ್ತಿದ್ದ.

"ಅದನ್ನ ಕಳಿಸ್ಬೇಡಿ ಸರ್. ಹೊಗೆ ನಮ್ಮ ಗೋಡೆದೇ. ಅಲ್ಲಿ ಬಟ್ಟೆ ಹಾಕಿಸಿದ್ದು ನಾನು."

ಕಾಂತೇಶ್ ಕನ್ನಡಕ ತೆಗೆದ. "ಯೋಚನೆ ಮಾಡಿ ಹೇಳ್ತಿದೀರಾ? ಹಬ್ಬಕ್ಕೆ ಇನ್ನು ಹದಿನೆಂಟು ದಿನ ಇದೆ."

"ಲಾರಿ ಬದಲಾಯಿಸಿದ್ರೂ ಮುಂದಿನ ಸಲ ಹೀಗೇ ವಾಪಸ್ ಬರ್ತದೆ. ಆವಾಗ ಎಂತ ಬರೀತೀರಿ?"

ಅವನು ಟೈಪು ಮಾಡಿದ್ದಷ್ಟನ್ನೂ ಅಳಿಸಿದ. ಆಮೇಲೆ ಬೆಂಗಳೂರಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದ. ರಶ್ಮಿ ಎಂಟು ದಿನ ಕೊಟ್ಟಳು. ಶಿವಮೊಗ್ಗದವರ ಹತ್ತಿರವೂ ಮಾತಾಡಿ ಇಟ್ಟಿದ್ದೇನೆ ಎಂಬುದನ್ನು ಕಾಂತೇಶ್ ಮುಚ್ಚಿಡಲಿಲ್ಲ.

ಗೋಡೆ ದಪ್ಪವಾಗಿತ್ತು, ಎಲ್ಲೂ ಬಿರುಕಿರಲಿಲ್ಲ. ಹಾಗಾದರೆ ಹೊಗೆ ಯಾವ ದಾರಿಯಿಂದ ಬರುತ್ತದೆ? ಕೃತಿಕಾ ಮೂಸುತ್ತ ಮುಂದೆ, ಭೈರಮ್ಮ ಏಣಿ ಹಿಡಿದು ಹಿಂದೆ. ಮಾಡಿನ ಶೀಟು ಗೋಡೆಯನ್ನು ಮುಟ್ಟುವ ಜಾಗದಲ್ಲಿ ಕೃತಿಕಾ ನಿಂತಳು. ಭೈರಮ್ಮ ಏಣಿ ಹತ್ತಿ, ಮಿಷನ್ನಿನಡಿ ಬಿದ್ದಿದ್ದ ನೂಲಿನ ಎಳೆಯೊಂದನ್ನು ಅಲ್ಲಿ ಇಳಿಬಿಟ್ಟಳು. ಎಳೆ ನೇರ ನಿಲ್ಲದೆ ಒಳಕ್ಕೆ ವಾಲಿತು. ಅವಳು ಅದನ್ನು ಒಂದೊಂದು ಮೊಳ ಸರಿಸುತ್ತ ಹೋದಳು. ಆರು ಕಡೆ ವಾಲಿತು.

ಬೇಕರಿಗೆ ಹೋಗಿ ತ್ರ್ಯಂಬಕನಿಗೆ ವಿಷಯ ಹೇಳಿದಾಗ ಅವನು ಬನ್ನಿನ ತಟ್ಟೆ ಕೆಳಗಿಟ್ಟು ನಗತೊಡಗಿದ.

"ಹಾಗಾದ್ರೆ ಸರಿಯಾಯ್ತು ಮಾರಾಯ್ತಿ. ಒಂದು ತಿಂಗಳಿಂದ ಗಿರಾಕಿಗಳು ನನ್ನ ಬನ್ನು ಸೋಪಿನ ವಾಸನೆ ಬರ್ತದೆ ಅಂತ ಪ್ರಾಣ ತಿಂತಿದ್ರು. ನಾನು ಕೆಲಸದವರನ್ನ ಬೈದು ಬೈದು ಇಟ್ಟೆ."

ಒಲೆಗೆ ಬೆಳಿಗ್ಗೆ ಸೌದೆ ಹಾಕಿ ಉರಿಸುವಾಗ ಮಾತ್ರ ಹೊಗೆ, ಹನ್ನೊಂದರ ಮೇಲೆ ಬರೀ ಕೆಂಡ ಎಂದು ಅವನಿಂದಲೇ ತಿಳಿಯಿತು. ಆರೂ ಸಂದುಗಳನ್ನು ಎರಡೂ ಕಡೆಯಿಂದ ಸಿಮೆಂಟಿನಿಂದ ಮುಚ್ಚಿಸಿದರು. ಹನ್ನೊಂದರ ಮೊದಲು ಗಳುವಿಗೆ ಬಟ್ಟೆ ಹಾಕಬಾರದೆಂದು ಭೈರಮ್ಮ ಗೋಡೆಯ ಮೇಲೆ ದೊಡ್ಡದಾಗಿ ಬರೆದಳು.

ಆರುನೂರು ಜುಬ್ಬ ಮತ್ತೆ ನೀರಿಗೆ ಬಿದ್ದವು. ಒಣಗಿದ್ದನ್ನು ಕೃತಿಕಾ ಮೂಸಿ ದಾಟಿಸಬೇಕು. ಇಪ್ಪತ್ತು ಜುಬ್ಬ ಆಗುವಷ್ಟರಲ್ಲಿ ಅವಳ ಮೂಗೂ ಸೋತು ಎಲ್ಲ ಒಂದೇ ಎನ್ನಿಸತೊಡಗಿತು. ಜಗಲಿಗೆ ಹೋಗಿ ಹತ್ತು ನಿಮಿಷ ನಿಂತು ಬಂದರೆ ಮತ್ತೆ ಸರಿ. ಒಂದು ಮೂಗು ಸಾಲದು ಎಂದು ಭೈರಮ್ಮನಿಗೆ ಅರ್ಥವಾಯಿತು. ತನ್ನ ಮೂಗನ್ನು ತಿದ್ದಿಕೊಳ್ಳಲು ಆಗುತ್ತದೆಯೇ ಎಂದು ನೋಡಬೇಕೆನ್ನಿಸಿತು. ತನ್ನ ಸೀರೆಗಳನ್ನು ಗಾರ್ಮೆಂಟ್ಸಿನಲ್ಲೇ ಒಗೆದು, ಫ್ಯಾನಿನಡಿ ಒಣಗಿಸಿ ಉಡತೊಡಗಿದಳು. ತಲೆಗೆ ದಿನವೂ ಸೀಗೆ. ಆರನೇ ದಿನ ಬೆಳಿಗ್ಗೆ ಬಸವಮ್ಮ ಪಕ್ಕದಲ್ಲಿ ಬಂದು ಕೂತಾಗ ಅವಳಿಗೆ ಒಮ್ಮೆಲೇ ಒಲೆಯ ಮುಂದೆ ಕೂತಂತಾಯಿತು.

"ಬಸವಕ್ಕ, ನೀವು ಹೊಗೆ ನಾರ್ತೀರಿ."

"ಈಗ ಗೊತ್ತಾಯ್ತಾ? ಐವತ್ತು ವರ್ಷದಿಂದ ನಾರ್ತಿದೀನಿ," ಎಂದಳು ಬಸವಮ್ಮ. ಇಡೀ ಸಾಲು ನಕ್ಕಿತು. ಭೈರಮ್ಮ ಎದ್ದು ಹೋಗಿ ಕೃತಿಕಾಳ ಎದುರು ಕೂತು, ಜುಬ್ಬ ಮೂಸಲು ಶುರುಮಾಡಿದಳು.

ಎಂಟನೇ ದಿನ ಪೆಟ್ಟಿಗೆಗಳು ಹೋದವು. ಮೂರು ದಿನ ಯಾವ ಸುದ್ದಿಯೂ ಇಲ್ಲ. ನಾಲ್ಕನೆಯ ದಿನ ಕಾಂತೇಶ್ ಕೋಣೆಯಿಂದ ಹೊರಗೆ ಬಂದು, ಮಿಷನ್ನುಗಳನ್ನು ನಿಲ್ಲಿಸಲು ಹೇಳಿ, ಮಾಲು ಪಾಸಾಯಿತು ಎಂದ. ಶಿವಮೊಗ್ಗದವರಿಗೆ ಬರುವುದು ಬೇಡವೆಂದು ಹೇಳಿದ್ದೇನೆ, ನಾಳೆಯಿಂದ ಭೈರಮ್ಮನವರೇ ಸೂಪರ್‌ವೈಸರ್ ಎಂದೂ ಸೇರಿಸಿದ. ಭೈರಮ್ಮ ಕೈಯಲ್ಲಿದ್ದ ಜುಬ್ಬವನ್ನು ಎರಡು ಸಲ ಮಡಚಿದಳು.

ಮರುದಿನ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅವಳು ಎಲ್ಲರ ಮುಂದೆ ನಿಂತಳು. ಅಂದಿನ ಕೆಲಸ ಹಂಚಿದಳು. ಕೊನೆಗೆ, ನನ್ನ ಕಣ್ಣಿಗೆ ಬೀಳದ ತಪ್ಪು ಏನಾದರೂ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಈಗಲೇ ಹೇಳಿ ಎಂದು ಕೇಳಿ, ಸುಮ್ಮನೆ ಕಾದಳು. ಯಾರೂ ಬಾಯಿ ಬಿಡಲಿಲ್ಲ. ಬಸವಮ್ಮ ಕೂಡ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಭೈರಮ್ಮ ಮತ್ತೂ ಕಾದಳು. ಕೊನೆಯ ಸಾಲಿನಲ್ಲಿ ಒಂದು ಕೈ ಅರ್ಧ ಎದ್ದಿತು.

"ಅಕ್ಕ, ನೀವು ಅಲ್ಲಿ ನಿಂತು ಹೇಳೋದು ಈ ಸಾಲಿಗೆ ಕೇಳಲ್ಲ. ಎರಡು ತಿಂಗಳಿಂದ ನಾವು ಮುಂದಿನೋರನ್ನ ನೋಡ್ಕೊಂಡೇ ಕೆಲಸ ಮಾಡ್ತಿದೀವಿ."

ಭೈರಮ್ಮ ಮಿಷನ್ನುಗಳ ನಡುವಿನಿಂದ ಹಾದು ಕೃತಿಕಾಳ ಪಕ್ಕಕ್ಕೆ ಬಂದು ನಿಂತಳು. ಅಲ್ಲೇ ನಿಂತು ಅಂದಿನ ಕೆಲಸವನ್ನು ಮೊದಲಿನಿಂದ ಹೇಳಲು ಶುರುಮಾಡಿದಳು.