ದೊಡ್ಡಣ್ಣನವರ ಇಂಜಿನ್ನು

ಮಲ್ಲತ್ತಹಳ್ಳಿಯ ನಮ್ಮ ಬೀದಿಗೆ ಬೆಳಗಾಗುವುದೇ ದೊಡ್ಡಣ್ಣನವರ ಹಳೇ ಅಂಬಾಸಿಡರ್ ಕೆಮ್ಮಿದ ಮೇಲೆ. ಅದು ಹೊರಟರೆ ಹಿಂದಿನ ಸ್ಕೂಟರಿನವರಿಗೆ ಹೊಗೆಯಲ್ಲಿ ದಾರಿ ಕಾಣುವುದಿಲ್ಲ. ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರು ಮೂಗು ಮುಚ್ಚಿಕೊಳ್ಳುತ್ತಾರೆ. ‘ಅದನ್ನ ಎತ್ತಾಕಿ ಡೀಸೆಲ್ ಇಂಜಿನ್ ಕೂರಿಸಿ ಅಣ್ಣ’ ಎಂದು ಹಾಲಿನವನಿಂದ ಡಾಕ್ಟರವರೆಗೆ ಬುದ್ಧಿ ಹೇಳದವರಿಲ್ಲ. ದೊಡ್ಡಣ್ಣ ಹೇಳಿದವರ ಕೈ ಹಿಡಿದು ಎಳೆದೊಯ್ದು, ಹೆಣ್ಣು ತೋರಿಸುವವರ ಗಾಂಭೀರ್ಯದಲ್ಲಿ ಬಾನೆಟ್ ಎತ್ತುತ್ತಾರೆ: ‘ಗಾಡಿ ಜೊತೆ ಬಂದ ಇಂಜಿನ್ ಕಣ್ರೀ ಇದು. ಬಿಚ್ಚಿ ರಿಪೇರಿ ಮಾಡಿಸ್ತೀನಿ. ಬದಲಾಯಿಸೋ ಮಾತು ಎತ್ಬೇಡಿ.’ ಮದುವೆಯೂಟಕ್ಕೆ ಕೂತರೂ ಪಿಸ್ಟನ್ನಿನದೇ ಮಾತು. ಪಾಯಸ ಬಡಿಸುವವನು ಕಾದು ಕಾದು ಮುಂದಿನ ಎಲೆಗೆ ಹೋಗಿಬಿಡುತ್ತಾನೆ. ಇಂಥ ಹಟದವರು ಆ ರಿಪೇರಿಯನ್ನೂ ವರ್ಷಗಟ್ಟಲೆ ‘ನಾಳೆ’ ಎಂದು ತಳ್ಳುತ್ತಿದ್ದುದೇಕೆಂದು ಮೊನ್ನೆ ತಿಳಿಯಿತು. ಬಾಪೂಜಿ ನಗರದಿಂದ ಮನೆಗೇ ಬಂದ ಮೆಕ್ಯಾನಿಕ್ ಮಹದೇವ್, ‘ಬಿಚ್ಚಿದ್ಮೇಲೆ ಎಲ್ಲಾನೂ ವಾಷಿಂಗ್ ಸೋಡಾ ನೀರಲ್ಲಿ ಕುದಿಸಿ ತೊಳೀಬೇಕು ಯಜಮಾನ್ರೇ’ ಎಂದ. ದೊಡ್ಡಣ್ಣ ಬಾನೆಟ್ ಎತ್ತಿದರು. ಪ್ರತಿ ಆಯುಧಪೂಜೆಗೆ ಹೆಂಡತಿ ಬೋರಮ್ಮ ಇಟ್ಟ ಕುಂಕುಮ ಇಂಜಿನ್ನಿನ ಮುಚ್ಚಳದ ಮೇಲೆ ಎಣ್ಣೆಯೊಡನೆ ಕಲೆತು, ಪದರುಪದರಾಗಿ ಗಟ್ಟಿಯಾಗಿತ್ತು. ಆಕೆ ತೀರಿಕೊಂಡ ಮೇಲೆ ಅಲ್ಲಿ ಯಾರೂ ಬೊಟ್ಟಿಟ್ಟಿರಲಿಲ್ಲ. ದೊಡ್ಡಣ್ಣ ಒಳಗಿನಿಂದ ಆಕೆಯ ಕುಂಕುಮದ ಭರಣಿಯನ್ನೇ ತಂದು, ಆ ಪದರನ್ನು ಒಂದು ಚೂರೂ ಬಿಡದೆ ಉಗುರಿನಿಂದ ಕೆರೆದು ಅದರಲ್ಲಿ ತುಂಬಿಕೊಂಡರು. ಆಮೇಲೆ ಗಾಡಿಯ ಕೀಯನ್ನು ಮಹದೇವನ ಅಂಗೈಗೆ ಒತ್ತಿದರು: ‘ತೊಳಿಯಪ್ಪ. ಜೋಡಿಸಿದ್ಮೇಲೆ ಈ ಕುಂಕುಮಾನೇ ಇಡೋಣ. ಇಡೋ ಕೈ ಮಾತ್ರ ಬೇರೆ.’