ಮೀನು ಹಂಚುವ ಇಲಾಯಿ ಮಾವ

ನಮ್ಮ ಫಕಾಓಫೋ ದ್ವೀಪದಲ್ಲಿ ಮೀನು ಹಂಚುವವರು ನನ್ನ ಮಾವ ಇಲಾಯಿ. ದೋಣಿಗಳು ತಂದದ್ದನ್ನೆಲ್ಲ ದಡದಲ್ಲಿ ಸುರಿಸಿ, ಮನೆಮನೆಗೂ ತಲೆ ಎಣಿಸಿ ಪಾಲು ಹಾಕುತ್ತಾರೆ. ಹಂಚುವವನ ಮನೆಗೆ ಕಟ್ಟಕಡೆಗೆ. ಆ ಮನೆಯ ಸೊಸೆಯಾಗಿ ನಾನು ತಿಂದಷ್ಟು ಬಾಲದ ತುಂಡನ್ನು ಇಡೀ ಟೊಕೆಲಾವ್‌ನಲ್ಲಿ ಇನ್ಯಾರೂ ತಿಂದಿರಲಿಕ್ಕಿಲ್ಲ.

ಟೊಕೆಲಾವ್‌ನ ಮೂರು ದ್ವೀಪಗಳೂ ಸೇರಿ ದೇಶದ ಫುಟ್‌ಬಾಲ್ ತಂಡ ಕಟ್ಟಿದಾಗ, ಯಾರನ್ನು ಆಡಿಸಬೇಕೆಂದು ಜಗಳವೋ ಜಗಳ.

"ಇಲಾಯಿಗೇ ಬಿಟ್ಬಿಡ್ರಪ್ಪಾ. ಆತ ಯಾರಿಗೂ ಮೋಸ ಮಾಡಲ್ಲ," ಎಂದರು ಹಿರಿಯರು. ಮಾವನಿಗೆ ಆಟ ಗೊತ್ತಿದ್ದದ್ದು ಅಷ್ಟಕ್ಕಷ್ಟೇ.

ನನ್ನ ಗಂಡ ತೋಮಾನಷ್ಟು ಚೆನ್ನಾಗಿ ಚೆಂಡು ಒದೆಯುವವರು ಬೇರೆ ಇರಲಿಲ್ಲ. ಗಂಡನೆಂದು ಹೊಗಳುತ್ತಿಲ್ಲ, ಅವನ ಮನೆಗೆಲಸದ ಬಗ್ಗೆ ಕೇಳಿದರೆ ಬೇರೆಯೇ ಹೇಳುತ್ತೇನೆ. ಆದರೆ ಮಂಡಿ ಸವೆದಿತ್ತು. ದೇಶದ ಅಂಗಿ ತೊಟ್ಟು ಆಡಲು ಅವನಿಗಿದ್ದದ್ದು ಅದೊಂದೇ ಅವಕಾಶ.

ಪಂದ್ಯಗಳು ಕಡಲಾಚೆಯ ಅಪಿಯಾ ನಗರದಲ್ಲಿ. ಅಡುಗೆಗೆಂದು ನಾನೂ ಹೋಗಿದ್ದೆ. ಮಾವ ಮೀನಿನಂತೆಯೇ ಆಟವನ್ನೂ ಹಂಚಿದರು. ಎಲ್ಲರಿಗೂ ಒಂದೊಂದು ಪಾಲು, ಮನೆಮಗನಿಗೆ ಕೊನೆಗೆ. ಕೊನೆಯ ಪಂದ್ಯದಲ್ಲಿ ಇನ್ನೊಬ್ಬನನ್ನಷ್ಟೇ ಕಣಕ್ಕಿಳಿಸಬಹುದಿತ್ತು. ಆಡದೆ ಉಳಿದಿದ್ದವರು ಇಬ್ಬರು: ತೋಮಾ, ಮತ್ತು ಹಡಗಿನಲ್ಲಿ ವಾಂತಿ ಮಾಡಿ ಹೈರಾಣಾಗಿದ್ದ ನುಕುನೊನು ದ್ವೀಪದ ಪೆಟೆಲೋ.

"ಪೆಟೆಲೋ, ಏಳಪ್ಪಾ," ಎಂದರು ಮಾವ.

"ಮಾವಾ! ಅವನಿಗೆ ಚೆಂಡ್ಯಾವ್ದು, ತೆಂಗಿನಕಾಯಿ ಯಾವ್ದು ಅಂತಾನೇ ಗೊತ್ತಿಲ್ಲ!" ಎಂದು ಕೂಗಿದೆ.

"ಅವನೂ ಅಷ್ಟು ದೂರ ಹಡಗಲ್ಲಿ ಬಂದಿದಾನಲ್ಲಮ್ಮಾ."

ತೋಮಾ ಬೂಟಿನ ದಾರ ಬಿಚ್ಚಿದ. ನನಗೆ ಮೈಯೆಲ್ಲ ಉರಿದುಹೋಯಿತು. ನಾವು ಸೋತೆವು ಎಂದು ಬೇರೆ ಹೇಳಬೇಕಾಗಿಲ್ಲ.

ಊರಿಗೆ ಮರಳಿದ ಮೇಲೆ ತೋಮಾ ಅಪ್ಪನ ಜೊತೆ ಮಾತು ಬಿಟ್ಟ. ಮಾವ ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

"ತಪ್ಪು ಮಾಡಿದ್ನಾ, ಮಗಳೇ?" ಎಂದು ಒಂದು ದಿನ ನನ್ನನ್ನು ಕೇಳಿದರು.

"ಹೂಂ, ಮಾಡಿದ್ರಿ," ಎಂದೆ. ಕೇಳುವವರಿಗೆ ಹಿತವಾಗುವಂತೆ ಮಾತಾಡುವುದು ನನಗೆ ಬರುವುದಿಲ್ಲ.

ಮರುದಿನ ಮೀನು ಹಂಚುವಾಗ ಮಾವ ರಾಶಿಯಲ್ಲೇ ದೊಡ್ಡದೊಂದನ್ನು ಎತ್ತಿ ಹಿಡಿದು, ಎಲ್ಲರಿಗಿಂತ ಮೊದಲು ಕರೆದರು: "ತೋಮಾ!"

ದಡದಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಮೊದಲು ಪಾಲು ಹೋಗಬೇಕಾದ ವಿಧವೆಯರ ಮನೆಗಳಿಗೇ ಇನ್ನೂ ಹೋಗಿರಲಿಲ್ಲ.

ತೋಮಾ ಎದ್ದು ಹೋಗಿ ಮೀನು ತೆಗೆದುಕೊಂಡ. ಮತ್ತೆ ಅದನ್ನು ರಾಶಿಗೇ ಹಾಕಿದ.

"ನಮ್ಮನೇದು ಕೊನೆಗಲ್ವೇನಪ್ಪಾ? ಬೇರೆಯವ್ರನ್ನ ಕರಿ."

ಅಂದು ನಮಗೆ ಸಿಕ್ಕಿದ್ದು ಮತ್ತದೇ ಬಾಲ. ಅಪ್ಪ ಮಗ ಎದುರುಬದುರು ಕೂತು ಮುಳ್ಳು ಬಿಡಿಸುತ್ತಾ ತಿಂದರು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ನನ್ನ ತುಂಡನ್ನು ಮಾವನ ತಟ್ಟೆಗೆ ಹಾಕಿದೆ.