ಅತ್ತೆಯ ಬೆಕ್ಕು, ಸೊಸೆಯ ಸೂಜಿ

ನಮ್ಮಮ್ಮ ಬಸ್ ಕಂಡಕ್ಟರ್ ಆಗಿದ್ದವಳು. ಎದುರಿಗೆ ನಿಂತವರೆಲ್ಲ ಟಿಕೆಟ್ ಇಲ್ಲದೆ ಹತ್ತಿದವರೇ ಎಂಬುದು ಅವಳ ಸಿದ್ಧಾಂತ. ನಿವೃತ್ತಿಯಾದ ಮೇಲೆ ಆ ಅನುಮಾನವೆಲ್ಲ ನನ್ನ ಹೆಂಡತಿಯ ಪಾಲಿಗೆ ಬಂತು. ಹೆಂಡತಿ ಪ್ರಾಣಿಗಳ ಡಾಕ್ಟರು. ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ನಾಯಿ, ಬೆಕ್ಕುಗಳ ರಕ್ತ ಪರೀಕ್ಷಿಸುವುದು ಅವಳ ಕೆಲಸ. "ದಿನವಿಡೀ ಗಾಜು ನೋಡ್ಕೊಂಡು ಕೂರೋಳು ಎಂಥ ಡಾಕ್ಟ್ರು?" ಎನ್ನುತ್ತಿದ್ದಳು ಅಮ್ಮ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ.

ಅಮ್ಮನ ಜೀವವೆಲ್ಲ ಸಾಹೇಬನ ಮೇಲೆ. ಸಾಹೇಬ ಎಂದರೆ ಅವಳ ಬೂದು ಬೆಕ್ಕು. ಅದು ಇದ್ದಕ್ಕಿದ್ದಂತೆ ಸೊರಗತೊಡಗಿತು. ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯುತ್ತಿತ್ತು, ಕಿಟಕಿಗೆ ಹಾರಲು ಹೋಗಿ ಬೀಳುತ್ತಿತ್ತು. ಹೆಂಡತಿ ರಕ್ತ ತೆಗೆದು ನೋಡಿದಳು. ಪ್ರೋಟೀನ್ ಮಿತಿಮೀರಿತ್ತು.

"ಅತ್ತೆ, ಮೂಳೆಯೊಳಗಿನ ಮಜ್ಜೆ ತೆಗೆದು ನೋಡ್ಬೇಕು. ಭುಜದ ಹತ್ರ ಒಂದು ಸೂಜಿ. ಮಂಪರು ಕೊಟ್ಟಿರ್ತೀವಿ."

"ಮದುವೆಯಾಗಿ ಬಂದಾಗಿಂದ ನಿನ್ನ ಕಣ್ಣು ನನ್ನ ಬೆಕ್ಕಿನ ಮೇಲೇ," ಎಂದಳು ಅಮ್ಮ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ. ನಮ್ಮ ಮನೆಯಲ್ಲಿ ಇಲಿ ನಾನು. ಮರುದಿನ ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ಅಮ್ಮ ಬುಟ್ಟಿ ಎತ್ತಿಕೊಂಡು ಇನ್ನೊಬ್ಬ ಡಾಕ್ಟರ ಬಳಿ ಹೊರಟಳು. ಡ್ರೈವರ್ ನಾನೇ. ಬೋಳುತಲೆಯ ಆ ಡಾಕ್ಟರೂ ಸೂಜಿಯ ಮಾತನ್ನೇ ಆಡಿದರು. "ನೋಡು, ಅನುಭವ ಅಂದ್ರೆ ಇದು!" ಎಂದು ಅಮ್ಮ ನನ್ನ ಪಕ್ಕೆ ತಿವಿದಳು.

ಸೂಜಿ ಚುಚ್ಚಿದ್ದಾಯಿತು, ಗಾಜಿಗೆ ಮಜ್ಜೆ ಸವರಿ ಬಣ್ಣ ಹಾಕಿದ್ದೂ ಆಯಿತು. ಆಮೇಲೆ ಡಾಕ್ಟರು ತಲೆ ಕೆರೆದುಕೊಂಡರು. "ಇದನ್ನ ನೋಡಿ ಹೇಳೋದು ನನ್ನಿಂದಾಗಲ್ಲಮ್ಮ. ದೊಡ್ಡಾಸ್ಪತ್ರೇಲಿ ಒಬ್ರಿದಾರೆ, ನಡೀರಿ."

"ನಡೀರಿ! ನನ್ನ ಸೊಸೆಯ ಮೇಲಿನವರನ್ನೇ ಕೇಳೋಣ," ಎಂದಳು ಅಮ್ಮ ಉತ್ಸಾಹದಿಂದ. ನಾನು ಗಾಡಿ ತಿರುಗಿಸಿದೆ. ಒಳಗೊಳಗೇ ಖುಷಿಯೋ ಖುಷಿ.

ಲ್ಯಾಬಿನಲ್ಲಿ ಬಿಳಿ ಕೋಟು, ಟೋಪಿ ಹಾಕಿದವರೊಬ್ಬರು ಬೆನ್ನು ಮಾಡಿ ಕೂತಿದ್ದರು. ಡಾಕ್ಟರು ಗಾಜನ್ನು ಪಕ್ಕಕ್ಕಿಟ್ಟರು. ಕೂತವರು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದರು.

"ಪ್ಲಾಸ್ಮಾ ಕೋಶಗಳು ಕಿಕ್ಕಿರಿದಿವೆ, ಸಾರ್." ಮೊದಲ ಮಾತಿಗೇ ಅಮ್ಮ ನನ್ನ ತೋಳು ಹಿಡಿದುಕೊಂಡಳು. "ರಕ್ತದ ಕ್ಯಾನ್ಸರು. ಬೆಕ್ಕುಗಳಲ್ಲಿ ತೀರಾ ಅಪರೂಪ. ವಾಸಿಯಾಗಲ್ಲ. ಮಾತ್ರೆ ಕೊಟ್ರೆ ಸ್ವಲ್ಪ ಕಾಲ ಆರಾಮಾಗಿರಬಹುದು. ಯಾರ ಬೆಕ್ಕು?" ಎನ್ನುತ್ತ ನನ್ನ ಹೆಂಡತಿ ತಿರುಗಿದಳು.

ಅಮ್ಮನ ಮುಖ ಬಿಳಚಿಕೊಂಡಿತ್ತು. ಆದರೂ ಸೋಲೊಪ್ಪುವ ಜಾಯಮಾನವಲ್ಲ. ಬೋಳುತಲೆಯವರಿಗೆ, "ನೀವು ಬುದ್ಧಿವಂತ್ರು ಕಣ್ರೀ. ಕೇಳ್ಬೇಕಾದವರನ್ನೇ ಕೇಳಿದ್ರಿ," ಎಂದಳು.

ನಗು ತಡೆಯಲಾರದೆ ನಾನು ಗೋಡೆ ನೋಡಿದೆ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಅಮ್ಮ ಬುಟ್ಟಿಯನ್ನು ಸೊಸೆಯ ಮಡಿಲಲ್ಲಿ ಇಟ್ಟಿದ್ದಳು.

"ಮಾತ್ರೆ ನೀನೇ ಕೊಡಮ್ಮ," ಎಂದಳು. "ನಾನು ಕೊಟ್ರೆ ಅಳ್ತೀನಿ. ಅವನಿಗೆ ಗೊತ್ತಾಗಿಬಿಡತ್ತೆ."